ಇಪ್ಪತ್ತೇಳು ವರ್ಷದ ಮಂಚಮ್ಮ

2025ರ ಆಗಸ್ಟ್ 11, ಸೋಮವಾರ ಬೆಳಿಗ್ಗೆ 10.20ಕ್ಕೆ ಮದ್ದೂರು ಠಾಣೆಗೆ ಬಂದ ಜೈನಾಬ್ ಬೀ ಅವರ ಕೈಯಲ್ಲಿ ದೂರಿನ ಅರ್ಜಿಯೂ ಮೂವತ್ತು ಹೆಸರುಗಳ ಒಂದು ಪಟ್ಟಿಯೂ ಇದ್ದವು. ಬಾಡಿಗೆ ಮಳಿಗೆಯೊಂದರಲ್ಲಿ ಬಸ್ಸು, ಆಟೋಗಳ ಸೀಟು ಹೊಲಿದು ಬದುಕುತ್ತಿದ್ದವರು ಅವರು. ಮಾಲೀಕ ಆ ಮಳಿಗೆಯನ್ನು ಮಾರಲು ಹೊರಟಿದ್ದ. ಆಗಸ್ಟ್ 28ರೊಳಗೆ ಹಣ ಕೊಟ್ಟರೆ ಅದು ಜೈನಾಬ್ ಬೀಗೆ, ಇಲ್ಲವಾದರೆ ಪಕ್ಕದ ಬೇಕರಿಯವನಿಗೆ.

ಆ ಹಣ, ಅಂದರೆ ತೀರಿಕೊಂಡ ಗಂಡನ ವಿಮೆಯ ಮೂರು ಲಕ್ಷ ರೂಪಾಯಿ, ‘ಕೈಗಡ’ ಎಂಬ ಮೊಬೈಲ್ ಆ್ಯಪ್‌ನಲ್ಲಿತ್ತು. ನಡುವೆ ಬ್ಯಾಂಕಿಲ್ಲದೆ, ಹಣವುಳ್ಳವರು ಹಣ ಬೇಕಾದವರಿಗೆ ನೇರವಾಗಿ ಸಾಲ ಕೊಡುವ ಏರ್ಪಾಡು ಅದು. ಪಟ್ಟಿಯಲ್ಲಿದ್ದ ಮೂವತ್ತು ಮಂದಿಗೆ ತಲಾ ಹತ್ತು ಸಾವಿರ ಹಂಚಿಕೆಯಾಗಿದೆಯೆಂದು ಅದರಲ್ಲಿ ತೋರಿಸುತ್ತಿತ್ತು. ಹದಿನಾಲ್ಕು ತಿಂಗಳು ಬಡ್ಡಿ ಐದನೇ ತಾರೀಖಿಗೆ ತಪ್ಪದೆ ಬಂತು. ಜೂನ್‌ನಲ್ಲಿ ನಿಂತಿತು. ‘ಕೈಗಡ’ವನ್ನು ನಡೆಸುತ್ತಿದ್ದ ಅಶೋಕನ ಫೋನೂ ನಿಂತಿತು.

ಇನ್ಸ್‌ಪೆಕ್ಟರ್ ಗಗನ ಅರ್ಜಿ ಓದಿ ಮುಗಿಸಿ ಕೇಳಿದರು. “ಸಾಲ ತಗೊಂಡವರನ್ನ ನೋಡಿದ್ರಾ?”

“ಇಲ್ಲ ಮೇಡಂ. ಹೆಸರು ನೋಡಿ ನಂಬ್ದೆ.”

“ಹೆಸರಲ್ಲೇನಿದೆ?”

“ಇಂಥಾ ಹೆಸರಿನೋರು ನಮ್ಮ ಅಬ್ಬಾನ ಅಂಗಡೀಲಿ ಒಂದಿನಾನೂ ಬಾಕಿ ಇಟ್ಟೋರಲ್ಲ.”

ಭಾರತೀಯ ನ್ಯಾಯ ಸಂಹಿತೆಯ ಕಲಂ 318(4)ರಡಿ ವಂಚನೆಯ ಎಫ್‌ಐಆರ್ ದಾಖಲಾಯಿತು. ಪಟ್ಟಿಯನ್ನು ಕಡತಕ್ಕೆ ಸೇರಿಸಲು ತೆಗೆದುಕೊಂಡ ಹೆಡ್ ಕಾನ್ಸ್‌ಟೇಬಲ್ ಮಹದೇವಯ್ಯ ಅದನ್ನು ಓದುತ್ತ ನಿಂತೇಬಿಟ್ಟರು. ಯಲಿಯೂರಿನವರು, ನಿವೃತ್ತಿಗೆ ಆರು ತಿಂಗಳಿತ್ತು. ಪಟ್ಟಿಯಲ್ಲಿದ್ದದ್ದು ಹೀಗೆ: ಜವರಯ್ಯ, 29 ವರ್ಷ. ಪಟ್ಟಲಮ್ಮ, 31. ಮಂಚಮ್ಮ, 27.

“ಏನ್ರೀ ನಗ್ತಿದ್ದೀರಿ?” ಎಂದರು ಗಗನ.

“ಇಪ್ಪತ್ತೇಳು ವರ್ಸದ ಮಂಚಮ್ಮನ್ನ ನಾನು ಕಂಡಿದ್ದು ನಲವತ್ತು ವರ್ಸದ ಇಂದೆ, ಮೇಡಂ. ಈಗ ಆ ವಯಸ್ಸಿನೋರು ಚಂದನ, ದೀಪಿಕ. ಮಂಚಮ್ಮ ಅಂತ ಯಾರು ಇಡ್ತಾರೆ?”

ಗಗನ ನಗಲಿಲ್ಲ. ಪಟ್ಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಮೂವತ್ತೂ ಹೆಸರುಗಳನ್ನು ಮೊದಲಿನಿಂದ ಓದಿದರು.

ಮರುದಿನ ಮಧ್ಯಾಹ್ನ 12.10ಕ್ಕೆ ಮಂಡ್ಯದಲ್ಲಿದ್ದ ಅಶೋಕನ ಕಚೇರಿಯ ಬೀಗವನ್ನು ಇಬ್ಬರು ಪಂಚರ ಎದುರು ಒಡೆಯಲಾಯಿತು. ಮಹಡಿಯ ಮೇಲಿನ ಒಂದೇ ಕೋಣೆ. ಪಂಚನಾಮೆಯಲ್ಲಿ ಬರೆದ ಮೂರನೆಯ ವಸ್ತು ಉದ್ದನೆಯ ಹಳೆಯ ಪುಸ್ತಕ. ರಟ್ಟಿನ ನಾಲ್ಕು ಮೂಲೆಗೂ ಅರಿಸಿನ ಹಚ್ಚಿತ್ತು. ಮದುವೆಯಲ್ಲಿ ನಂಟರೂ ನೆರೆಯವರೂ ಕೊಟ್ಟ ಮುಯ್ಯಿಯನ್ನು ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೂ ತಿರುಗಿ ಕೊಡುವ ರೂಢಿ ಈ ಸೀಮೆಯಲ್ಲಿದೆ. ಇದು ಬೆಸಗರಹಳ್ಳಿಯ ಒಂದು ಮದುವೆಯ ಮುಯ್ಯಿ ಪುಸ್ತಕ, ಇಸವಿ 1984. ಜೈನಾಬ್ ಬೀ ಅವರ ಪಟ್ಟಿಯ ಮೂವತ್ತು ಹೆಸರುಗಳೂ ಅದರ ಮೊದಲ ಎರಡು ಪುಟಗಳಲ್ಲಿ ಅದೇ ಕ್ರಮದಲ್ಲಿದ್ದವು.

ಮದುವೆ ಅಶೋಕನ ತಾಯಿ ಮಂಗಳಮ್ಮನದು. 13ರಂದು ಬೆಸಗರಹಳ್ಳಿಯ ಜಗಲಿಯಲ್ಲಿ ಗಗನ ಆಕೆಯ ಹೇಳಿಕೆ ಪಡೆದರು. ಮಗನ ಈಗಿನ ನಂಬರು ತನ್ನಲ್ಲಿಲ್ಲವೆಂದು ಮಂಗಳಮ್ಮ ಎರಡು ಸಲ ಹೇಳಿದರು. ಪುಸ್ತಕ ತೋರಿಸಿದಾಗ ಮಾತ್ರ ಮುಖ ಬೇರೆಯಾಯಿತು. ಓದು ಬಾರದ ಆಕೆ ಹಾಳೆಯ ಮೇಲೆ ಬೆರಳಿಟ್ಟು, ಯಾರು ಎಳ್ಳು ತಂದರು, ಯಾರು ಹಿತ್ತಾಳೆ ಚೊಂಬು ತಂದರು, ಮಳೆ ಹನಿಯತೊಡಗಿದಾಗ ಯಾರು ಸೋಗೆ ಹೊತ್ತು ತಂದು ಚಪ್ಪರಕ್ಕೆ ಹೊದಿಸಿದರು ಎಂದು ಸಾಲು ತಪ್ಪದೆ ಹೇಳಿದರು. ಆಗ ಮಂಚಮ್ಮನಿಗೆ ಇಪ್ಪತ್ತೇಳು. ಐದು ರೂಪಾಯಿಯ ಜೊತೆಗೆ ಒಂದು ಸೇರು ಅಕ್ಕಿ ಕೊಟ್ಟಿದ್ದಳು. ಅಶೋಕ ಚಿಕ್ಕವನಿದ್ದಾಗ ಈ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಲೇ ಅಕ್ಷರ ಕಲಿತವನು; ಒಬ್ಬೊಬ್ಬರ ಆಗಿನ ವಯಸ್ಸನ್ನೂ ತಾಯಿಯ ಬಾಯಿಂದಲೇ ಕೇಳಿದವನು.

“ಇವರೆಲ್ಲ ಸಾಲ ತೀರಿಸೋ ಜನವೇ?” ಎಂದರು ಗಗನ.

“ಒಬ್ರೂ ತಪ್ಸಿದೋರಲ್ಲ ಕಣವ್ವ.”

ಜಪ್ತಾದ ಕಂಪ್ಯೂಟರು ಉಳಿದ ಸಂಗತಿಯನ್ನು ಹೊರಗೆ ತಂದಿತು. ನಿಜವಾಗಿ ಸಾಲ ಪಡೆದವರು ಅರವತ್ತೊಂದು ಮಂದಿ. ಅವರಲ್ಲಿ ಮೂವತ್ತೆಂಟು ಮಂದಿ ಮೊದಲ ವರ್ಷದಲ್ಲೇ ಕೈಯೆತ್ತಿದ್ದರು. ಹಣ ಹಾಕಿದವರಿಗೆ ಅಶೋಕ ಅದನ್ನು ತಿಳಿಸಲಿಲ್ಲ. ಅವರ ಜಾಗದಲ್ಲಿ ಪುಸ್ತಕದವರ ಹೆಸರಿಟ್ಟು, ಹೊಸದಾಗಿ ಬಂದ ಹಣದಿಂದ ಹಳಬರಿಗೆ ಬಡ್ಡಿ ಕಟ್ಟುತ್ತ ಹೋದ. ಇಷ್ಟರಲ್ಲಿ ದೂರುದಾರರು ಇಪ್ಪತ್ತಾಗಿದ್ದರು. ಅಶೋಕನ ಸುಳಿವು ಕನಕಪುರದ ಒಂದು ಲಾಡ್ಜಿನವರೆಗೆ ಹೋಗಿ ಕಡಿದುಹೋಯಿತು.

ಪಟ್ಟಿಯ ಆ ಮೂವತ್ತು ಮಂದಿಯಲ್ಲಿ ಬದುಕಿದ್ದವರು ಮಂಚಮ್ಮ ಒಬ್ಬರೇ. 19ರಂದು ಮಳವಳ್ಳಿಯಲ್ಲಿ, ಮಗಳ ಮನೆಯಲ್ಲಿ, ಅವರ ಹೇಳಿಕೆಯಾಯಿತು. ಅವರ ಹೆಸರನ್ನು ಸುಳ್ಳಾಗಿ ಬಳಸಿಕೊಂಡಿದ್ದಾರೆ, ಅವರೇನೂ ಕೊಡಬೇಕಾಗಿಲ್ಲ ಎಂದು ಗಗನ ಬಿಡಿಸಿ ಹೇಳಿದರು. ಮಂಚಮ್ಮ ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದರು. “ಆ ಎಣ್ಣುಮಗಳು ಮದ್ದೂರಲ್ಲಿ ಯಾವ ಬೀದಿ?”

21ರ ಗುರುವಾರ ನಡೆದದ್ದನ್ನು ಹೇಳುವವರಲ್ಲಿ ಎರಡು ಪಾಠಗಳಿವೆ. ಮಂಚಮ್ಮ ನೇರವಾಗಿ ಠಾಣೆಗೆ ಬಂದರೆಂದು ಮಳವಳ್ಳಿಯವರು ಹೇಳುತ್ತಾರೆ. ಮೊದಲು ಬೆಸಗರಹಳ್ಳಿಗೆ ಹೋಗಿ, ಮಂಗಳಮ್ಮನ ಜಗಲಿಯ ಮೇಲೆ ಕುಳಿತು, ತಾನು ಹೊರಟ ಕೆಲಸವನ್ನು ಹೇಳಿ, ನೀರು ಕುಡಿದು ಎದ್ದರೆಂಬುದು ಮದ್ದೂರಿನವರ ಮಾತು. ಠಾಣೆಯ ದಾಖಲೆಗೆ ಹೊಂದುವುದು ಎರಡನೆಯದು. ಮಧ್ಯಾಹ್ನ 2.35ಕ್ಕೆ ಮಂಗಳಮ್ಮನ ಫೋನಿನಿಂದ, ತನ್ನಲ್ಲಿಲ್ಲವೆಂದಿದ್ದ ಮಗನ ನಂಬರಿಗೆ ಕರೆ ಹೋಗಿದೆ.

ನಾಲ್ಕು ಗಂಟೆಗೆ ಠಾಣೆಯ ಬೆಂಚಿನ ಮೇಲೆ ಕುಳಿತ ಮಂಚಮ್ಮ, ಜೈನಾಬ್ ಬೀಯನ್ನು ಕರೆಸದ ಹೊರತು ಏಳುವುದಿಲ್ಲವೆಂದರು. ಅವರು ಬಂದ ಮೇಲೆ ಸೆರಗಿನ ಗಂಟು ಬಿಚ್ಚಿದರು. ಸರ್ಕಾರದ ಪಿಂಚಣಿಯ ಸಾವಿರದ ಇನ್ನೂರು ರೂಪಾಯಿ.

“ಇಸ್ಕೊ ತಾಯಿ. ಮಿಕ್ಕಿದ್ದ ತಿಂಗಳ್ತಿಂಗಳು ಕೊಡ್ತೀನಿ.”

“ನೀವು ಕೊಡಬೇಕಿಲ್ಲ ಕಣಮ್ಮ. ಅವನು ಸುಮ್ನೆ ಬರ್ಕೊಂಡಿದ್ದು.”

“ಬರ್ದೋನು ಯಾರಾದ್ರೂ ಆಗ್ಲಿ ಬುಡು. ಎಸ್ರು ನಂದು.”

ಜೈನಾಬ್ ಬೀ ಹಣವನ್ನು ಅವರ ಮಡಿಲಿಗೇ ಹಾಕಿ ಪಕ್ಕದಲ್ಲಿ ಕುಳಿತರು. ಆ ಗಂಟು ಒಂದು ಮಡಿಲಿನಿಂದ ಇನ್ನೊಂದಕ್ಕೆ ನಾಲ್ಕು ಸಲ ಓಡಾಡಿತೆಂದು ಮಹದೇವಯ್ಯ ಇಂದಿಗೂ ಹೇಳುತ್ತಾರೆ.

5.40ಕ್ಕೆ ಬಾಗಿಲಲ್ಲಿ ನಲವತ್ತರ ಆಸುಪಾಸಿನ ಗಂಡಸೊಬ್ಬ ನಿಂತಿದ್ದ. ಪೊಲೀಸರ ಕಡೆ ನೋಡದೆ ಬೆಂಚಿನ ಬಳಿಗೆ ಹೋದ.

“ದೊಡ್ಡವ್ವ, ಆ ಸಾಲ ನಿಂದಲ್ಲ. ಎತ್ತಿಟ್ಕೊ ದುಡ್ಡ.”

ಮಂಚಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಮ್ಮನ್ನೆಲ್ಲ ಕೇಳ್ದೆ ನಿನ್ನ ಅಂಗಡೀಲಿ ಕುಂಡ್ರಿಸ್ಕೊಂಡಿದ್ಯಲ್ಲ ಕಣ್ಲಾ. ಸತ್ತೋರನ್ನೂ ಬುಡ್ಲಿಲ್ವಲ್ಲ.”

5.55ಕ್ಕೆ ಅಶೋಕನ ಬಂಧನವಾಯಿತು. ಬೇರೆ ಹೆಸರುಗಳು ಸಿಗಲಿಲ್ಲವೇ ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ಗಗನ ಒಂದಕ್ಷರ ತಿದ್ದದೆ ಬರೆದುಕೊಂಡರು. “ತಪ್ಪದೆ ತೀರಿಸೋ ಜನ ಬೇಕಿತ್ತು ಮೇಡಂ. ನಂಗೆ ಗೊತ್ತಿದ್ದೋರು ಇವರೇ.”

ಅವನ ಖಾತೆಯಲ್ಲಿ ಉಳಿದಿದ್ದ ಒಂದು ಲಕ್ಷ ತೊಂಬತ್ತು ಸಾವಿರ ರೂಪಾಯಿ ನ್ಯಾಯಾಲಯದ ಸುಪರ್ದಿಗೆ ಹೋಯಿತು. 28ನೇ ತಾರೀಖು ಬಂದುಹೋಯಿತು. ಮಳಿಗೆ ಬೇಕರಿಯವನ ಪಾಲಾಯಿತು. ಜೈನಾಬ್ ಬೀ ಹೊಲಿಗೆ ಯಂತ್ರವನ್ನು ಮನೆಯ ಮುಂಗೋಣೆಗೆ ಸಾಗಿಸಿಕೊಂಡರು. ಬಸ್ಸಿನ ಸೀಟುಗಳು ಅದರ ಬಾಗಿಲಲ್ಲಿ ಹಿಡಿಸುವುದಿಲ್ಲವಾದ್ದರಿಂದ ಈಗ ಆಟೋದ ಕೆಲಸ ಮಾತ್ರ.

ಸೆಪ್ಟೆಂಬರ್ 3ರಂದು ಮಂಗಳಮ್ಮ ಠಾಣೆಗೆ ಬಂದರು. ಪುಸ್ತಕ ಸಾಕ್ಷ್ಯದ ವಸ್ತುವಾದ್ದರಿಂದ ಕೊಡಲಾಗದು ಎಂದಾಗ, ಒಂದು ಜೆರಾಕ್ಸ್ ಆದರೂ ಬೇಕೆಂದರು. ಇನ್ನೂ ಮೂರು ಮನೆಯ ಮುಯ್ಯಿ ತೀರಿಸುವುದಿತ್ತು. ಗಗನ ತನಿಖೆಯ ಕಡತದಲ್ಲಿದ್ದ ಪ್ರತಿಯಿಂದ ಜೆರಾಕ್ಸ್ ಮಾಡಿಸಿಕೊಟ್ಟರು. ಮಂಗಳಮ್ಮ ಕೊನೆಯ ಹಾಳೆಯನ್ನು ಮಹದೇವಯ್ಯನ ಮುಂದಿಟ್ಟರು.

“ಕೆಳಗೆ ಬರಿಯಪ್ಪ. ಮದ್ದೂರು ಜೈನಾಬ್ ಬೀ, ಮೂರು ಲಕ್ಸ.”

ಮಹದೇವಯ್ಯ ಬರೆದರು.

“ದುಡ್ಡು ಕಳ್ಕೊಂಡ ಮಿಕ್ಕ ಅತ್ತೊಂಬತ್ತು ಜನ ಯಾರ್ಯಾರು, ಜೋರಾಗಿ ಓದ್ಕೊಂಡು ಬರಿ,” ಎಂದರು ಮಂಗಳಮ್ಮ.

ಆ ಹಾಳೆಯಲ್ಲಿ ಜಾಗ ಸಾಲಲಿಲ್ಲ. ಮಹದೇವಯ್ಯ ಅದನ್ನು ಮಗುಚಿ, ಹಿಂಬದಿಯಲ್ಲಿ ಬರೆಯತೊಡಗಿದರು.