ಮಸ್ಕಿಯ ಕಾಣಿಕೆ ಪೆಟ್ಟಿಗೆ

ಆದೆಮ್ಮನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಪ್ರಾರ್ಥನಾಲಯದ ಕಸ ಗುಡಿಸಲು ಬೆಳಿಗ್ಗೆ ಬಾಗಿಲು ತೆಗೆದವಳು ಅವಳೇ. ಕಾಣಿಕೆ ಪೆಟ್ಟಿಗೆಯ ಬೀಗ ಮುರಿದು ನೆಲಕ್ಕೆ ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಚೀರಿ ಜನ ಸೇರಿಸಿದವಳೂ ಅವಳೇ. ಹೊರಬಾಗಿಲಿನ ಕೀಲಿಕೈ ಎರಡು — ಒಂದು ಹಿಂದಿನ ಮನೆಯಲ್ಲೇ ಇರುವ ಬ್ರದರ್ ಪ್ರಭುದಾಸರದು, ಇನ್ನೊಂದು ಅವಳ ಸೊಂಟದ್ದು. ಬ್ರದರ್ ಟೀವಿಯಲ್ಲಿ ಬರುವ ಮನುಷ್ಯ. ಹಾಗಾದರೆ ಕದ್ದವರು ಯಾರು? ಮಸ್ಕಿ ಒಂದು ಚಹಾ ಕುಡಿಯುವಷ್ಟರಲ್ಲಿ ತೀರ್ಮಾನ ಮಾಡಿತು.

ಸಿಂಧನೂರಿಗೆ ಕೇಬಲ್ ಬಂದ ಕಾಲವದು. ಕೇಬಲ್ ನಡೆಸುವ ಬಾಬುಸಾಬ್ ತನ್ನ ಕ್ಯಾಮೆರಾದಲ್ಲಿ ಬ್ರದರ್‌ನ ಪ್ರವಚನ ಹಿಡಿಯುತ್ತಿದ್ದ. ಕ್ಯಾಸೆಟ್ಟು ಲಿಂಗಸುಗೂರಿಗೂ ಮಸ್ಕಿಗೂ ಹೋಗುತ್ತಿತ್ತು. ಭಾನುವಾರ ಸಂಜೆ ಟೀವಿ ಹಚ್ಚಿದರೆ ಬಿಳಿ ಅಂಗಿಯ ಬ್ರದರ್ ಕಣ್ಣೀರು ಸುರಿಸುತ್ತ ನಿಂತಿರುತ್ತಿದ್ದ. "ತಾಯಂದಿರೇ, ಮೈಮೇಲಿನ ಬಂಗಾರವನ್ನು ಬಿತ್ತಿರಿ. ನೂರರಷ್ಟು ಕೊಯ್ಯುವಿರಿ. ನಾನು ಬಡವರಿಗೆ ಆಸ್ಪತ್ರೆ ಕಟ್ಟುತ್ತೇನೆ." ಚಿನ್ನದ ಗಣಿಯ ಹಟ್ಟಿಯಿಂದಲೂ ಹೆಂಗಸರು ಬಂದು ಪೆಟ್ಟಿಗೆಯ ಸೀಳಿನಲ್ಲಿ ಹಾಕಿ ಹೋದರು. ಈ ಭಾನುವಾರ ಎಲ್ಲರೆದುರು, ಕ್ಯಾಮೆರಾದ ಮುಂದೆ, ಅದನ್ನು ತೆರೆಯಬೇಕಿತ್ತು. ಶುಕ್ರವಾರ ರಾತ್ರಿಯೇ ಕಳವಾಯಿತು.

ಆದೆಮ್ಮನೂ ಹಾಕಿದ್ದಳು. ಮಗಳು ಯಮನೂರಮ್ಮನಿಗೆ ಮಕ್ಕಳಾಗಲಿಲ್ಲವೆಂದು ಲಿಂಗಸುಗೂರಿನ ಬೀಗರು ತವರಿಗೆ ಅಟ್ಟಿದ್ದರು. ಮಗಳ ಮಡಿಲು ತುಂಬಲೆಂದು ತಾಯಿ ತನ್ನ ಮೂಗುಬಟ್ಟು ಬಿಚ್ಚಿದಳು. ಎಲ್ಲ ಹೆಂಗಸರಂತೆ ಅವಳೂ ಒಂದು ಬಟ್ಟೆಚೂರಿನಲ್ಲಿ, ನಾಲ್ಕು ಕಾಳು ಜೋಳದ ಜೊತೆ ಗಂಟು ಕಟ್ಟಿ ಹಾಕಿದಳು. ಬಂಗಾರ ಒಂಟಿಯಾಗಿ ಮನೆ ಬಿಟ್ಟು ಹೋಗಬಾರದು. ಗಂಡ ಮಾಳಿಂಗಪ್ಪನಿಗೆ ಮಾತ್ರ, ಹಳ್ಳದಲ್ಲಿ ಬಟ್ಟೆ ಒಗೆಯುವಾಗ ಬಿತ್ತು ಎಂದಿದ್ದಳು. ಅದು ಅವನ ಸತ್ತ ತಾಯಿಯ ಮೂಗುಬಟ್ಟು. ಅವನು ಎರಡು ದಿನ ಹಳ್ಳದ ಉಸುಕನ್ನು ಜರಡಿ ಹಿಡಿದಿದ್ದ.

ಈಗ ಆ ಮಾಳಿಂಗಪ್ಪ ಪ್ರಾರ್ಥನಾಲಯದ ಬಾಗಿಲಲ್ಲಿ ನಿಂತಿದ್ದ. ಅವಳ ಎದುರಿಗೆ ಸಬ್ ಇನ್‌ಸ್ಪೆಕ್ಟರ್ ಕರಿಬಸಯ್ಯ.

"ರಾತ್ರಿ ಎಲ್ಲಿದ್ದಿಬೇ?"

"ಮನ್ಯಾಗರೀ."

"ಯಾರು ನೋಡ್ಯಾರ?"

"ಗಂಡ... ಮಗಳು..."

ಪೇದೆ ದಾದೇಸಾಬ ಲಾಠಿಯನ್ನು ಕಂಕುಳಿಗೆ ಸಿಕ್ಕಿಸಿದ. "ಸಾಹೇಬ್ರ, ಠಾಣೆಗೆ ಒಯ್ದುಬಿಡೂಣ್ರೀ. ತಾಸಿನ್ಯಾಗ ಬಾಯಿ ಬಿಡ್ತಾಳ."

ಆದೆಮ್ಮನಿಗೆ ಮಗಳ ನೆನಪಾಯಿತು. ಠಾಣೆಗೆ ಹೋಗಿಬಂದ ಹೆಂಗಸಿನ ಮಗಳನ್ನು ಯಾವ ಬೀಗರು ಕರೆದುಕೊಳ್ಳುತ್ತಾರೆ?

"ನಾ ತಗಂಡಿಲ್ರೀ ಯಪ್ಪಾ. ನಿಮ್ಮ ಕಾಲು ಹಿಡಿತೀನಿ."

"ಕಾಲು ಬ್ಯಾಡ. ಅಲ್ಲೇ ಕುಂದ್ರು." ಕರಿಬಸಯ್ಯ ತಿರುಗಿದ. "ಬಾಬುಸಾಬ್, ನಿನ್ನೆ ನೀನೂ ಇಲ್ಲಿಗೆ ಬಂದಿದ್ದಿ. ಯಾಕ?"

"ಬಾಕಿ ಕೇಳಾಕ್ರೀ. ಮೂರು ತಿಂಗಳಾತು, ಕ್ಯಾಸೆಟ್ಟಿನ ರೊಕ್ಕ ಕೊಟ್ಟಿಲ್ಲ ಈ ಮನಷ್ಯಾ. ಬೀಗ ಒಡೆಯೋ ಪೈಕಿ ಆಗಿದ್ರ ಮೊದಲ ಇವರ ತಲಿ ಒಡೀತಿದ್ದೆ."

ಯಾರೋ ಕಿಸಕ್ಕೆಂದರು. ಬ್ರದರ್ ಮಾತ್ರ ಕೈಮುಗಿದ.

"ಸಾರ್, ಆಕೆಯನ್ನು ಕ್ಷಮಿಸಿಬಿಡಿ. ಬಡತನ ಏನು ಬೇಕಾದರೂ ಮಾಡಿಸುತ್ತೆ. ಬಂಗಾರ ಹಿಂದಕ್ಕೆ ಕೊಟ್ಟರೆ ಸಾಕು."

ಲಾಠಿಗಿಂತ ಆ ಕ್ಷಮೆಗೆ ಆದೆಮ್ಮ ಹೆಚ್ಚು ಹೆದರಿದಳು. ಮಾಡದ ಕಳ್ಳತನಕ್ಕೆ ಎಲ್ಲರೆದುರು ಮುದ್ರೆ ಬಿದ್ದಂತಾಯಿತು.

"ಇದಕ್ಕ ಮೊದಲ ಪೆಟಗಿ ತೆಗೆದಿದ್ರೇನ್ರೀ?" ಕರಿಬಸಯ್ಯ ಕೇಳಿದ.

"ಒಮ್ಮೆಯೂ ಇಲ್ಲ. ಅದು ದೇವರ ಸ್ವತ್ತು."

"ಹಿತ್ತಲಕ್ಕ ಯಾರು ಬರ್ತಾರ?" ಅವನ ಕಣ್ಣು ಹಿಂದಿನ ಕಿಟಕಿಯಾಚೆಗಿತ್ತು.

"ಯಾರೂ ಇಲ್ಲ. ಗೇಟಿಗೆ ಬೀಗ ಇರುತ್ತೆ, ಕೀಲಿಕೈ ನನ್ನ ಹತ್ತಿರ. ಪ್ರಾರ್ಥನೆಗೆ ಏಕಾಂತ ಬೇಕಲ್ಲ?"

"ಊಟಾ?"

"ಖಾನಾವಳಿಯಿಂದ ಅನ್ನ-ಸಾರು."

"ರೊಟ್ಟಿ ಇಲ್ಲ?"

"ಜೋಳ ನನ್ನ ಹೊಟ್ಟೆಗೆ ಆಗೋದಿಲ್ಲ ಸಾರ್. ಈ ಮನೆಯೊಳಗೆ ಒಂದು ಕಾಳೂ ಬಂದಿಲ್ಲ."

"ಪಾಪ. ಮುಖಾ ತೊಳಕೊಂಡು ಬರ್ತೀನಿ, ಹಿತ್ತಲ ಬಾಗಲಾ ತೆಗೀರಿ."

ಹೋದವನು ಬೇಗ ಬರಲಿಲ್ಲ. ಆದೆಮ್ಮ ಗಂಡನ ಮುಖ ನೋಡದೆ ನೆಲ ನೋಡುತ್ತ ಕೂತಳು. ಹಿತ್ತಲಿನಿಂದ ಕೂಗು ಬಂತು — "ಎಲ್ಲಾರೂ ಬರ್ರಿ ಇತ್ತ! ಆಕಿನ್ನೂ ಕರ್ಕೊಂಡು ಬಾ ದಾದೇಸಾಬ."

ಮೇ ತಿಂಗಳು. ಊರಿನಲ್ಲಿ ಬೇವು ಬಿಟ್ಟರೆ ಹಸಿರೆಂಬುದಿರಲಿಲ್ಲ. ಬ್ರದರ್‌ನ ಬಚ್ಚಲ ನೀರು ಹರಿಯುವ ಕಡೆ ಮಾತ್ರ ಒತ್ತೊತ್ತಾಗಿ ಏನೋ ಎದ್ದಿತ್ತು, ಗೇಣುದ್ದ.

"ಇದೇನ್ರೀ ಬ್ರದರ್?"

"ಹುಲ್ಲು."

"ಹುಲ್ಲಂತ!" ಗೋಡೆಯಾಚೆಯಿಂದ ಇಣುಕುತ್ತಿದ್ದ ಮುದುಕಿ ಗಿರಿಯಮ್ಮ ನಕ್ಕಳು. "ಜೋಳಾರೀ ಅದು, ಜೋಳಾ!"

ಬ್ರದರ್ ನಗಲಿಲ್ಲ.

"ನಮ್ಮದೂ ಹೊಲಾ ಐತಿ," ಎಂದ ಕರಿಬಸಯ್ಯ. "ಮಳಿ ಇಲ್ಲ, ಬಿತ್ತಿದವರಿಲ್ಲ. ಹಿತ್ತಲಕ್ಕ ಯಾರೂ ಬರಂಗಿಲ್ಲ ಅಂದ್ರಿ. ಜೋಳ ಮನ್ಯಾಗ ಬಂದಿಲ್ಲ ಅಂದ್ರಿ. ಬಂದೈತಿ — ಪೆಟಗ್ಯಾಗ. ನಮ್ಮ ಹೆಣಮಕ್ಕಳು ಬಂಗಾರ ಬರೇ ಕೊಡಂಗಿಲ್ಲ, ಕಾಳು ಕೂಡಿಸಿ ಗಂಟು ಕಟ್ಟಿ ಕೊಡ್ತಾರ. ಗಂಟು ಬಿಚ್ಚಿದವರು ಬಂಗಾರ ತಗೊಂಡು ಕಾಳು ಬಚ್ಚಲಿಗೆ ಚೆಲ್ಯಾರ. ಈ ಊರಿನವರಾಗಿದ್ರ ಕೋಳಿಗಾದ್ರೂ ಹಾಕ್ತಿದ್ರು. ನಿನ್ನೆ ರಾತ್ರಿ ಕದ್ದ ಮಾಲಿನ ಜೋಳ ಇಷ್ಟುದ್ದ ಬೆಳಿಯಂಗಿಲ್ಲ. ಪೆಟಗಿ ಖಾಲಿ ಆಗಿ ವಾರಗಟ್ಟಲೆ ಆತು. ಭಾನುವಾರ ಮಂದಿ ಮುಂದ ತೆಗೀಬೇಕಲ್ಲ — ಅದಕ್ಕ ನಿನ್ನೆ ಬೀಗ ಮುರಿದ್ರಿ."

"ಸುಳ್ಳು! ಹಕ್ಕಿ ತಂದು ಹಾಕಿರಬಹುದು!"

ಕರಿಬಸಯ್ಯ ಕಡ್ಡಿಯಿಂದ ಕೆಸರು ಕೆದರಿದ. ಬಟ್ಟೆಚೂರುಗಳು ಮೇಲೆ ಬಂದವು. "ಇವೂ ಹಕ್ಕಿ ತಂದವೇನು? ಯಾರವು, ಹೇಳ್ರಿ."

ಹೆಂಗಸರು ಗಂಡಂದಿರ ಕಡೆ ನೋಡಿದರು. ಒಬ್ಬಳೂ ಬಾಯಿ ಬಿಡಲಿಲ್ಲ.

"ಸಾಕ್ಷಿ ಇಲ್ಲಂದ್ರ ನಂದು ಬರೇ ಹೊಲದ ಮಾತು. ಕೋರ್ಟ್ ಕೇಳಂಗಿಲ್ಲ. ಆಗ ನಾ ಒಯ್ಯೋದು ಕೀಲಿಕೈ ಇದ್ದಾಕಿನ್ನ."

ದಾದೇಸಾಬನ ಕೈ ಆದೆಮ್ಮನ ರಟ್ಟೆಯ ಮೇಲಿತ್ತು. ಕೆಸರಿನಲ್ಲಿ ಅವಳ ಹಳೆಯ ಹಸಿರು ಕುಪ್ಪಸದ ಚೂರು ಕಾಣುತ್ತಿತ್ತು. ಹೇಳಿದರೆ ಮನೆ ಮುರಿಯುತ್ತದೆ, ಹೇಳದಿದ್ದರೆ ಠಾಣೆ.

"ಆ ಹಸಿರು ಚೂರು ನಂದ್ರೀ," ಎಂದಳು. "ಅದರಾಗ ನನ್ನ ಮೂಗಬಟ್ಟಿತ್ತು."

ಮಾಳಿಂಗಪ್ಪ ಮುಂದೆ ಬಂದ. "ಹಳ್ಳದಾಗ ಬಿತ್ತಂದಿದ್ದೆಲ್ಲಬೇ?"

ಅವಳು ಏಟು ಬೀಳುತ್ತದೆಂದು ಭುಜ ಕುಗ್ಗಿಸಿದಳು. ಏಟು ಬೀಳಲಿಲ್ಲ.

"ಎರಡು ದಿನ ಉಸುಕು ಸೋಸೀನಿ ನಾ," ಎಂದಷ್ಟೇ ಹೇಳಿ ಅವನು ಗುಂಪು ಸೀಳಿಕೊಂಡು ಹೊರಟುಹೋದ.

"ಆ ಅರಿಶಿಣದ ಚೂರು ನಂದು," ಎಂದಳು ಹಿಂದಿನಿಂದ ಬಸವಣ್ಣೆಮ್ಮ. "ತಾಳಿ ಗುಂಡು ಇತ್ತು." ಆಮೇಲೆ ಇನ್ನೊಬ್ಬಳು. ಆಮೇಲೆ ಹಲವರು.

ಬ್ರದರ್ ಬಚ್ಚಲ ಕಲ್ಲಿನ ಮೇಲೆ ಕುಸಿದು ಕೂತ. ಸಂಜೆಯೊಳಗೆ ಒಪ್ಪಿಕೊಂಡ. ಬಂಗಾರ ದೂರದ ಪಟ್ಟಣದಲ್ಲಿ ಯಾವಾಗಲೋ ಕರಗಿತ್ತು. ದುಡ್ಡು ಅವನ ಭಾವಮೈದುನನ ಹೆಸರಿನಲ್ಲಿ ಸಿಂಧನೂರಿನ ಸೈಟಾಗಿತ್ತು. ಆಸ್ಪತ್ರೆಗೆಂದು ಒಂದು ಇಟ್ಟಿಗೆಯನ್ನೂ ಕೊಂಡಿರಲಿಲ್ಲ.

ಆದೆಮ್ಮ ಮನೆಗೆ ಹೋದಾಗ ಕದಕ್ಕೆ ಒಳಗಿನಿಂದ ಚಿಲಕ ಹಾಕಿತ್ತು. ಕತ್ತಲಾದ ಮೇಲೆ ಯಮನೂರಮ್ಮ ತೆಗೆದಳು. ಮಾಳಿಂಗಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಆ ರಾತ್ರಿಯಿಂದ ಅವನು ಅವಳ ಕೈಯ ನೀರು ಮುಟ್ಟಲಿಲ್ಲ.

ಹಟ್ಟಿಯ ಹೆಂಗಸರು ಹೇಳಿಕೆ ಕೊಡಲು ಬರಲೇ ಇಲ್ಲ. ಬಂದವರು ಹೇಳಿದ ಪ್ರಕಾರ ಹೋದದ್ದು ಇಷ್ಟು: ತಾಳಿಯ ಗುಂಡು ಇಪ್ಪತ್ತೆರಡು, ಕಿವಿಯೋಲೆ ಒಂಬತ್ತು ಜೊತೆ, ಉಂಗುರ ಐದು, ಮೂಗುಬಟ್ಟು ನಾಲ್ಕು.