ಒಬ್ಬರಿಗಾಗುವ ಕುಕ್ಕರ್

ಅವಳು ಗ್ಯಾಸ್ ಸ್ಟೌವನ್ನು ತಂದು ಅವನ ರಿಪೇರಿ ಅಂಗಡಿಯ ಮೇಜಿನ ಮೇಲಿಟ್ಟಳು.

"ಮತ್ತೆ ಎಡಗಡೆ ಬರ್ನರಾ?" ತಲೆಯೆತ್ತದೆ ಕೇಳಿದ.

"ಹೌದು. ಆದ್ರೆ ರಿಪೇರಿಗೆ ಬಂದಿಲ್ಲ. ಒಂದು ಮಾತು ಕೇಳೋಕೆ ಬಂದೆ."

ಆಗ ತಲೆಯೆತ್ತಿದ. ಹದಿನೆಂಟು ವರ್ಷಗಳ ಹಿಂದೆ ಇದೇ ಬಾಗಿಲಲ್ಲಿ ನಿಂತು ಅವಳು ಇದೇ ಮಾತನ್ನು ಹೇಳಿದ್ದಳು. ಅವನಿಗೂ ಅದು ನೆನಪಾಯಿತೋ ಏನೋ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

ಸ್ಟೌ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡುವ ಅವನಿಗೆ ಬೀದಿಯವರು ಇಟ್ಟ ಹೆಸರು ಬೇಡಣ್ಣ. ಅಡುಗೆಮನೆಗೆ ಹೊಸದೇನು ತರಬೇಕಿದ್ದರೂ ಮೊದಲು ಅವನನ್ನು ಕೇಳುವುದು ಆ ಬೀದಿಯ ರೂಢಿ; ತನಗೆ ಕಾಸು ಬರುವ ರಿಪೇರಿಗೂ ಅವನು 'ಬೇಡ' ಅನ್ನುವವನು. ಅವಳಿಗಿಂತ ಮೊದಲೇ ಬಂದು ಮಿಕ್ಸಿಗಾಗಿ ನಿಂತಿದ್ದ ಮುದುಕಿಗೂ ಅವನ ಉತ್ತರ ಅದೇ.

"ಹೊಸ ಬ್ಲೇಡು ಬೇಡ ಅತ್ತೆ. ನಾರು ಸಿಕ್ಕಿಕೊಂಡಿತ್ತು, ತೆಗೆದಿದ್ದೀನಿ. ತಗೊಂಡು ಹೋಗಿ."

"ಹೀಗೆ ಬಂದವರನ್ನೆಲ್ಲ ಬರಿಗೈಲಿ ಕಳಿಸೋದಾದ್ರೆ ಅಂಗಡಿ ಬಾಗಿಲು ಯಾಕೋ ತೆಗೀತೀಯ?"

"ಗಾಳಿ ಬರ್ಲಿ ಅಂತ."

ಮುದುಕಿ ನಗುತ್ತ ಮಿಕ್ಸಿ ಎತ್ತಿಕೊಂಡು ಹೋದಳು. ಅಂಗಡಿಯಲ್ಲಿ ಇಬ್ಬರೇ ಉಳಿದರು.

ಅವಳು ಚೀಲದಿಂದ ಬಣ್ಣದ ಪುಸ್ತಿಕೆ ತೆಗೆದಳು. ಅವಳ ಹೊಲಿಗೆಯಂಗಡಿಯ ದಾರದ ಚೂರುಗಳು ಅದಕ್ಕೂ ಅಂಟಿಕೊಂಡಿದ್ದವು.

"ಅಣ್ಣನ ಮಗಳು ತಂದುಕೊಟ್ಟಳು. ಕರೆಂಟಿನ ಕುಕ್ಕರ್. ಬೇಯಿಸುತ್ತಂತೆ, ಹುರಿಯುತ್ತಂತೆ, ಹಬೆಯಲ್ಲೂ ಬೇಯಿಸುತ್ತಂತೆ, ನಾವು ಬರೋವರೆಗೆ ಬಿಸಿನೂ ಆರೋಕೆ ಬಿಡಲ್ಲವಂತೆ. ಗುಂಡಿ ಒತ್ತಿ ಹೊಲಿಗೆ ಮಿಷನ್ ಮುಂದೆ ಕೂತ್ಕೋ ಅತ್ತೆ ಅಂತಾಳೆ. ತಗೊಳ್ಲಾ?"

ಅವನು ಒಂದೊಂದೇ ಹಾಳೆ ತಿರುವಿದ.

'ಬೇಡ ಅನ್ನು... ಊರಿಗೆಲ್ಲ ಅನ್ನುತ್ತೀಯಲ್ಲ, ನನಗೂ ಅನ್ನು,' ಎಂದುಕೊಂಡಳು ಅವಳು ಮನಸ್ಸಿನಲ್ಲೇ.

ಮೂರು ತಿಂಗಳಿಗೊಮ್ಮೆ ಆ ಬರ್ನರು ಕಟ್ಟಿಕೊಳ್ಳುತ್ತಿತ್ತು. ಅವನು ಪಿನ್ನು ಹಾಕಿ ತೂತುಗಳನ್ನು ಬಿಡಿಸುತ್ತಿದ್ದ, ಅವಳು ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಅವಳ ಪಾಲಿಗೆ ಬಂದದ್ದು ಆ ಅರ್ಧ ಗಂಟೆಗಳು ಮಾತ್ರ. ಹೊಸ ಕುಕ್ಕರ್ ಬಂದರೆ ಅವೂ ಇಲ್ಲ.

"ಮಣಿಕಟ್ಟು ಇನ್ನೂ ನೋಯುತ್ತಾ?"

ಅದು ಅವನಿಗೆ ಹೇಗೆ ಗೊತ್ತು? ಅವಳು ಯಾರಿಗೂ ಹೇಳಿರಲಿಲ್ಲ.

"ಕತ್ತರಿ ಹಿಡಿದು ಹಿಡಿದು... ಸಂಜೆ ಹೊತ್ತಿಗೆ ಪಾತ್ರೆ ಎತ್ತೋಕಾಗಲ್ಲ."

"ಹಾಗಿದ್ರೆ ತಗೊಳ್ಳಿ," ಎಂದು ಚಿತ್ರವೊಂದರ ಮೇಲೆ ಬೆರಳಿಟ್ಟ. "ಈ ಚಿಕ್ಕದು ಸಾಕು. ಒಬ್ಬರಿಗಾಗುತ್ತೆ."

ಒಬ್ಬರಿಗೆ.

ಅಂದೂ ಹೀಗೇ ಆಗಿತ್ತು. ಬೇರೆ ಊರಿನಿಂದ ಸಂಬಂಧ ಬಂದಿತ್ತು. ಒಪ್ಪಲೋ ಬಿಡಲೋ ಎಂದು ಕೇಳಲು ಅವನ ಬಳಿಗೇ ಓಡಿ ಬಂದಿದ್ದಳು. ಪರದೆಯ ಹಿಂದೆ, ಹಾಸಿಗೆ ಹಿಡಿದ ಅವನ ತಾಯಿ ನರಳುತ್ತಿದ್ದಳು. ಅವನು ಕೈಯೊರೆಸಿಕೊಳ್ಳುತ್ತ, "ಒಳ್ಳೇ ಮನೆ. ಒಪ್ಪಿಕೋ" ಅಂದಿದ್ದ.

ಅವಳು ಒಪ್ಪಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಎರಡು ವರ್ಷ ಈ ಬೀದಿಯನ್ನೇ ಬಿಟ್ಟು ಸುತ್ತುದಾರಿಯಲ್ಲಿ ಓಡಾಡಿದಳು. ಆಮೇಲೆ ಸ್ಟೌ ಕೆಟ್ಟಿತು.

"ಸರಿ," ಎಂದಳು ಈಗ. "ಇದನ್ನ ಗುಜರಿಗೆ ಹಾಕ್ತೀನಿ. ಇನ್ನು ಇಲ್ಲಿಗೆ ಬರೋ ಕೆಲಸ ಇರಲ್ಲ."

"ಹೂಂ."

ಸ್ಟೌವನ್ನು ಚೀಲಕ್ಕೆ ಇಳಿಸಿ ಮೆಟ್ಟಿಲವರೆಗೆ ಹೋದವಳು ನಿಂತಳು.

"ಊರಿಗೆಲ್ಲ ಬೇಡ ಅಂತೀರಿ. ಅವತ್ತು ನನಗೊಂದು ಸಲ ಬೇಡ ಅನ್ನಬಾರದಿತ್ತಾ?"

ಅವನು ಮೇಜಿನ ಮೇಲಿನ ಮಸಿಯನ್ನು ಬಟ್ಟೆಯಿಂದ ಒರೆಸಿದ.

"ನನಗೆ ಲಾಭ ಆಗೋದನ್ನ ಮಾತ್ರ ನಾನು ಬೇಡ ಅನ್ನೋದು ಟೈಲರಮ್ಮ. ಅವತ್ತು ಆ ಸಂಬಂಧ ಬೇಡ ಅಂದಿದ್ರೆ... ಲಾಭ ನನ್ನದಾಗ್ತಿತ್ತು."

ಹದಿನೆಂಟು ವರ್ಷ ಅವಳು ಹೊತ್ತದ್ದು ತಿರಸ್ಕಾರವಲ್ಲ. ಅದು ಅವನ ಹಾಳು ಪ್ರಾಮಾಣಿಕತೆ.

"ನಿಮ್ಮಮ್ಮ ಇದ್ದಾಗಲೇ ನನ್ನನ್ನ ಕೇಳಿದ್ದಿದ್ರೆ, ನಾನೂ ಜೊತೆಗೆ ನಿಂತು ಅವರನ್ನ ನೋಡಿಕೊಳ್ತಿದ್ದೆನಲ್ಲ."

"ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಪರದೆಯ ಹಿಂದಿನ ಮಂಚ ಹೋದ ವರ್ಷವೇ ಖಾಲಿಯಾಗಿತ್ತು. ಆ ನಂತರವೂ ನಾಲ್ಕು ಸಲ ಅವಳು ಸ್ಟೌ ತಂದಿದ್ದಳು, ನಾಲ್ಕು ಸಲವೂ ಅವನು ಬರ್ನರಿನ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

"ಒಂದೇ ಒಂದು ಸಲ ನಿಮ್ಮ ಲಾಭ ನೋಡಿಕೊಂಡು ಹೇಳಿ."

"ಈಗ ಹೇಳಿ ಏನು ಪ್ರಯೋಜನ? ನಿನ್ನ ತಲೆಯೆಲ್ಲ ಬೆಳ್ಳಗಾಯ್ತು."

"ನಿಮ್ಮದು ಉದುರೇ ಹೋಯ್ತು. ಹೇಳಿ."

ಅವನು ಪುಸ್ತಿಕೆಯನ್ನು ಮತ್ತೆ ಎಳೆದುಕೊಂಡ. ಚಿಕ್ಕ ಕುಕ್ಕರಿನ ಚಿತ್ರವಿದ್ದ ಹಾಳೆ ದಾಟಿ ಮುಂದಕ್ಕೆ ತಿರುವಿದ.

"ಚಿಕ್ಕದು ಬೇಡ," ಎಂದ.

ಅವಳು ಕಾದಳು.

"ಇಬ್ಬರಿಗಾಗೋದು ತಗೋ."

ಅವಳು ಹಿಂದಿರುಗಿ ಬಂದು ಅದೇ ಸ್ಟೂಲಿನ ಮೇಲೆ ಕುಳಿತಳು. ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡಳು. ಅತ್ತದ್ದು ಅವನಿಗಾಗಿ ಅಲ್ಲ, ತನಗಾಗಿಯೂ ಅಲ್ಲ. ಸುತ್ತುದಾರಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ, ಒಂದು ಕಾಲಕ್ಕೆ ತಾನೇ ಆಗಿದ್ದ ಆ ಹುಡುಗಿಗಾಗಿ; ಅವಳಿಗೆ ಇದನ್ನು ಈಗ ಯಾರೂ ಹೋಗಿ ಹೇಳುವಂತಿರಲಿಲ್ಲ.

ಅವನು ಚೀಲದಿಂದ ಸ್ಟೌ ಹೊರತೆಗೆದ. ಎಡಗಡೆಯ ಬರ್ನರು ಎತ್ತಿ ಬೆಳಕಿಗೆ ಹಿಡಿದ.

"ಗುಜರಿಗೆ ಬೇಡ. ಕರೆಂಟು ಹೋದಾಗ ಬೇಕಾಗುತ್ತೆ. ಸ್ವಲ್ಪ ಹೊತ್ತಾಗುತ್ತೆ, ಕೂತಿರ್ತೀಯಾ?"

"ಇಷ್ಟು ಹೊತ್ತಾಗಿದೆ," ಎಂದಳು ಅವಳು, ಪಿನ್ನು ಎತ್ತಿ ಅವನ ಕೈಗೆ ಕೊಡುತ್ತ. "ಇನ್ನೂ ಸ್ವಲ್ಪ ಆಗಲಿ."