ಚೆಂಡೇ ಇಲ್ಲದ ವಿಡಿಯೋ

"ಸರೀರಿ... ಪಕ್ಕಕ್ಕೆ ಸರೀರಿ!"

ಗೆರೆ ದಾಟುತ್ತಿದ್ದ ಚೆಂಡನ್ನು ಒಳಗೆ ತಳ್ಳಿ, ಅವನು ಅಂಗಳದಂಚಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಅವಳತ್ತಲೇ ನೇರ ಹಾರಿ ಬಂದ! ಹೆದರಿ ಕಣ್ಣು ಮುಚ್ಚಿದಳು. ತೆರೆದಾಗ, ಉರುಳಲಿದ್ದ ಅವಳ ಕ್ಯಾಮೆರಾವನ್ನು ಹಿಡಿದುಕೊಂಡು ಅವನು ನೆಲದ ಮೇಲೆ ಕೂತಿದ್ದ.

"ನಿಮಗೇನೂ ಆಗಿಲ್ಲ ತಾನೇ?"

"ನಿಮ್ಮ ಮೊಣಕೈ... ರಕ್ತ..."

"ಅದು ದಿನಾ ಇದ್ದದ್ದೇ!" ನಕ್ಕು ಓಡಿಯೇಬಿಟ್ಟ.

ಅವಳ ಎದೆ ಮಾತ್ರ ಇನ್ನೂ ಓಡುತ್ತಲೇ ಇತ್ತು.

ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅವನ ಅಡ್ಡಹೆಸರು ಗೋಂದು. ಎದುರಾಳಿಗೆ ಅಂಟಿಕೊಂಡನೆಂದರೆ ಬಿಡುವವನಲ್ಲ. ಕೋಚ್ ಅವಳ ಸೋದರಮಾವ. ಪಂದ್ಯಗಳ ವಿಡಿಯೋ ತೆಗೆಯುವ ಕೆಲಸವನ್ನು ಅವಳಿಗೆ ವಹಿಸಿದ್ದರು. ಅದನ್ನು ನೋಡಿ ದೊಡ್ಡ ಕ್ಲಬ್ಬಿನವರು ಒಬ್ಬ ಆಟಗಾರನನ್ನು ಆರಿಸಲಿದ್ದರು. ವಯಸ್ಸು ಮೀರುತ್ತಿದ್ದ ಗೋಂದುವಿಗೆ ಇದೇ ಕೊನೆಯ ಅವಕಾಶ.

ಆ ಪಂದ್ಯದ ವಿಡಿಯೋವನ್ನು ಎಲ್ಲರೂ ಕೂತು ನೋಡಿದರು. ಅದರಲ್ಲಿ ಅವನೇ ಇರಲಿಲ್ಲ! ಕ್ಯಾಮೆರಾದತ್ತ ಹಾರಿ ಬಂದಾಗ ಒಮ್ಮೆ ಮಸುಕಾಗಿ ಕಂಡ, ಅಷ್ಟೇ.

"ಗೋಂದೂ, ಅವತ್ತು ರಜಾ ಹಾಕಿದ್ಯೇನೋ?" ಹುಡುಗರು ಬಿದ್ದು ಬಿದ್ದು ನಕ್ಕರು.

ಅವನು ಅವಳ ಮುಖ ನೋಡದೆ ಎದ್ದ. "ಬಿಡಿ. ಪಾಯಿಂಟ್ ಹೊಡೆಯದವನು ಯಾರ ಕಣ್ಣಿಗೆ ಬೀಳ್ತಾನೆ!"

'ಹಾಗಲ್ಲ ರೀ...' ಎನ್ನಬೇಕಿತ್ತು. ಅಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಆಮೇಲೆ ಒಬ್ಬಳೇ ಕೂತು ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು. ತನ್ನ ಕ್ಯಾಮೆರಾ ಚೆಂಡಿನ ಹಿಂದೆಯೇ ಅಲೆದಿದೆ. ಅವನ ಕೆಲಸವೋ, ಚೆಂಡು ತಾನಿದ್ದತ್ತ ಬಾರದಂತೆ ತಡೆಯುವುದು! 'ಅಯ್ಯೋ, ಎಂಥ ಪೆದ್ದಿ ನಾನು!'

ಮುಂದಿನ ಪಂದ್ಯದಲ್ಲಿ ಕ್ಯಾಮೆರಾವನ್ನು ಅವನತ್ತ ತಿರುಗಿಸಿದವಳು ಅವನಿಂದಾಚೆ ಕದಲಿಸಲಿಲ್ಲ.

ಮಂಡಿ ಬಗ್ಗಿಸಿ, ಕಾಲು ಜಾರಿಸುತ್ತಾ ಅವನು ಎದುರಾಳಿಗಳ ಹೀರೋನ ಜೊತೆಜೊತೆಗೇ ಸರಿಯುತ್ತಿದ್ದ. ಒಂದು ಕೈ ಸದಾ ಚೆಂಡಿನ ದಾರಿಗೆ ಅಡ್ಡ. ಆ ಹೀರೋ "ಕೊಡ್ರೋ ನಂಗೆ!" ಎಂದು ಕಿರುಚಿದ್ದೇ ಬಂತು, ಕೊಡುವ ಧೈರ್ಯ ಯಾರಿಗೂ ಬರಲಿಲ್ಲ. "ಎಡಕ್ಕೆ ನೋಡು! ನಿನ್ನ ಹಿಂದೆ ಒಬ್ಬ!" ಎಂದು ತನ್ನವರನ್ನು ಎಚ್ಚರಿಸುತ್ತಿದ್ದವನೂ ಇವನೇ. ಚೆಂಡು ಬುಟ್ಟಿಗೆ ಬಡಿದು ಚಿಮ್ಮಿದಾಗ ಇವನು ಹಾರಲಿಲ್ಲ. ದೈತ್ಯನಂಥವನನ್ನು ಬೆನ್ನಲ್ಲೇ ತಡೆದು ನಿಂತ. ಚೆಂಡು ಗೆಳೆಯನಿಗೆ ಸಿಕ್ಕಿತು, ಚಪ್ಪಾಳೆಯೂ ಗೆಳೆಯನಿಗೇ. ಮೊದಲು ಚಪ್ಪಾಳೆ ತಟ್ಟಿದವನು ಗೋಂದು!

ಅವಳ ಕಣ್ಣು ತುಂಬಿ ಬಂತು. 'ಇಷ್ಟೆಲ್ಲ ಮಾಡಿಯೂ ಸುಮ್ಮನಿರೋದು ಹೇಗೆ ಇವನಿಗೆ?'

ವಿಡಿಯೋ ನೋಡಿ ಮಾವ ಸಿಡಿದರು. "ಏನೇ ಹುಡುಗಿ ಇದು? ಚೆಂಡೇ ಕಾಣ್ತಿಲ್ಲ!"

ತಂಡದವರೆಲ್ಲ ಅಲ್ಲೇ ಇದ್ದರು. ಅವನೂ ಇದ್ದ. ಎಂದೂ ತಲೆ ಎತ್ತಿ ಮಾತಾಡದವಳು ಎದ್ದು ನಿಂತು ಅವನತ್ತ ಬೆರಳು ಮಾಡಿದಳು.

"ಇವರು ಬರೋಕೆ ಬಿಟ್ರೆ ತಾನೇ ಮಾವ, ಚೆಂಡು ಕಾಣೋದು!"

ಮಾವ ಮತ್ತೊಮ್ಮೆ ನೋಡಿದರು. "ಹೌದಲ್ವೇ... ಆ ಹೀರೋನ ಕೈ ಕಟ್ಟಿಹಾಕಿಬಿಟ್ಟಿದ್ದಾನೆ! ಇದನ್ನೇ ಕಳಿಸ್ತೀನಿ."

ವಾರದೊಳಗೆ ಕ್ಲಬ್ಬಿನಿಂದ ಕರೆ ಬಂತು. ಆಯ್ಕೆಯಾದವನು ಗೋಂದು!

ಖಾಲಿ ಅಂಗಳದಲ್ಲಿ ಅವಳು ವೈರು ಸುತ್ತುತ್ತಿದ್ದಾಗ ಅವನು ಬಂದು ನಿಂತ.

"ಇಡೀ ಆಟ ನನ್ನನ್ನೇ ನೋಡಿದ್ರಾ?"

"ಹೂಂ..."

"ಕೊನೇಲಿ ನಮ್ಮನ್ನ ಗೆಲ್ಲಿಸಿದ ಪಾಯಿಂಟ್?"

"ಯಾರು ಹೊಡೆದ್ರು ಅಂತ ನಂಗೆ ಈಗಲೂ ಗೊತ್ತಿಲ್ಲ."

ಅವನ ನಗು ಅರ್ಧಕ್ಕೇ ನಿಂತಿತು. "ನನ್ನನ್ನ ಇಷ್ಟು ನೋಡಿದವರು ಯಾರೂ ಇಲ್ಲ ರೀ... ಇನ್ನು ಮೇಲೂ ನೋಡ್ತೀರಾ? ಆಟ ಇಲ್ಲದಾಗ್ಲೂ?"

ಅವಳು ಈ ಸಲ ತಲೆ ತಗ್ಗಿಸಲಿಲ್ಲ.

"ಬೇಡ ಅಂದ್ರೂ ನೋಡ್ತೀನಿ."